ಕಾರಿಗೆ ಹೊಸ ಸ್ಪೀಕರ್, ತಗಡಿಗೆ ಗ್ರೈಂಡರ್ ಹಚ್ಚದೆ

ನನ್ನ ಮೊದಲ ಕಾರು ಸೆಕೆಂಡ್ ಹ್ಯಾಂಡ್ ಹ್ಯಾಚ್‌ಬ್ಯಾಕ್, ಅದೂ ಬೇಸ್ ಮಾಡೆಲ್. ಸ್ಟೀರಿಯೊ ಇಲ್ಲ, ಸ್ಪೀಕರ್ ಇಲ್ಲ, ಕಿಟಕಿ ಗಾಜು ಕೈಯಲ್ಲೇ ತಿರುಗಿಸಿ ಇಳಿಸಬೇಕು. ತಂದು ಒಂದು ವಾರ ಆಗಿರಲಿಲ್ಲ, ಸ್ಟೀರಿಯೊ, ಸ್ಪೀಕರ್ ಹಾಕಿಸಲು ಹೊರಟೆ. ಅಂಗಡಿಯ ಹುಡುಗ ಕಲ್ಲಂಗಡಿ ತಟ್ಟುವ ಹಾಗೆ ಬಾಗಿಲನ್ನು ತಟ್ಟಿ ನೋಡಿದ. "ಆರೂವರೆ ಇಂಚಿಂದೇ ಕೂರಿಸೋಣ ಸಾರ್, ಸ್ವಲ್ಪ ಕಟಿಂಗ್ ಬರುತ್ತೆ ಅಷ್ಟೇ" ಎಂದ. ಆ ಸ್ವಲ್ಪ ಅಂದರೆ ಎಷ್ಟು ಅಂತ ಕೇಳುವ ಬುದ್ಧಿ ನನಗೆ ಬರಲಿಲ್ಲ. ಟೀ ಕುಡಿದು ಬರುವಷ್ಟರಲ್ಲಿ ಮುಂದಿನ ಎರಡೂ ಬಾಗಿಲ ಒಳತಗಡನ್ನು ಗ್ರೈಂಡರ್‌ನಲ್ಲಿ ಕೊಯ್ದು ಆಗಿತ್ತು.

ಹಾಡು ಮಾತ್ರ ಚೆನ್ನಾಗಿ ಕೇಳುತ್ತಿತ್ತು, ಸುಳ್ಳು ಹೇಳಬಾರದು.

ಐದು ವರ್ಷದ ಮೇಲೆ ಮಾರಲು ಹೊರಟಾಗ ತುಮಕೂರು ಕಡೆಯ ಒಬ್ಬರು ತಮ್ಮೂರಿನ ಮೆಕ್ಯಾನಿಕ್‌ನನ್ನೂ ಕರೆದುಕೊಂಡು ಬಂದರು. ಎಂಜಿನ್ ನೋಡಿ ಪರವಾಗಿಲ್ಲ ಎಂದು ತಲೆಯಾಡಿಸಿದ ಆ ಮನುಷ್ಯ, ನೇರವಾಗಿ ಸ್ಪೀಕರ್ ಜಾಲರಿ ಕಿತ್ತು, ನಾಲ್ಕು ಸ್ಕ್ರೂ ಬಿಚ್ಚಿ, ಸ್ಪೀಕರ್ ಹೊರಗೆಳೆದು, ತೂತಿನ ಅಂಚಿನ ಮೇಲೆ ಬೆರಳು ಓಡಿಸಿದ. ಬೆರಳ ತುದಿ ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು. ನನಗೂ ತೋರಿಸಿದ, ಅವರಿಗೂ ತೋರಿಸಿದ, ಪ್ಯಾಂಟಿಗೆ ಒರೆಸಿಕೊಂಡ. ಒಂದು ಮಾತೂ ಆಡಲಿಲ್ಲ. ಮೊದಲೇ ಮಾತಾಡಿಕೊಂಡಿದ್ದ ರೇಟಿನಲ್ಲಿ 15,000 ರೂಪಾಯಿ ಅಲ್ಲೇ ಇಳಿಯಿತು. ಆ ಸ್ಪೀಕರ್ ಜೋಡಿಗೆ ನಾನು ಕೊಟ್ಟಿದ್ದು 3,800.

ಆಮೇಲೆ ಎರಡು ಕಾರು ಬದಲಾಯಿತು. ಎರಡಕ್ಕೂ ಸ್ಪೀಕರ್ ಹಾಕಿದ್ದೇನೆ, ಒಂದೇ ಒಂದು ಕಡೆಯೂ ತಗಡು ಕತ್ತರಿಸಿಲ್ಲ. ಹೇಗೆ ಅಂತ ಬರೆಯುತ್ತೇನೆ. ಒಂದು ವಿಷಯ ಮೊದಲೇ ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಸ್ಪೀಕರ್‌ಗೆ ಹಾಕಿದ ದುಡ್ಡು ಕಾರು ಮಾರುವಾಗ ವಾಪಸ್ ಬರುವುದಿಲ್ಲ, ಕೊಳ್ಳುವವರಿಗೆ ಅದು ಪುಕ್ಕಟೆ ಬಂದ ಸಾಮಾನು. ಆದರೆ ತೂತು ಪುಕ್ಕಟೆ ಅಲ್ಲ, ಅದಕ್ಕೆ ಅವರು ಲೆಕ್ಕ ಹಾಕಿ ಕಳೆಯುತ್ತಾರೆ. ಹಾಗಾಗಿ ಯಾವ ಕೆಲಸ ಮಾಡಿಸಿದರೂ ಒಂದು ಭಾನುವಾರ ಮಧ್ಯಾಹ್ನ ಕೂತು ಎಲ್ಲ ಬಿಚ್ಚಿ, ಕಂಪನಿಯಿಂದ ಬಂದ ಹಾಗೆ ಮಾಡಿ ಇಡಲು ಆಗಬೇಕು. ಆಗದ ಕೆಲಸ ಬೇಡ.

ಮೊದಲು ಬಾಗಿಲು ಬಿಚ್ಚಿ ನೋಡಿ, ಆಮೇಲೆ ಅಂಗಡಿಗೆ ಹೋಗಿ

ಎಲ್ಲರೂ ಉಲ್ಟಾ ಮಾಡುತ್ತಾರೆ. ಆಫರ್ ಇದೆ ಅಂತ ಸ್ಪೀಕರ್ ತಂದುಬಿಡುತ್ತಾರೆ, ಅದು ಕೂರುವುದಿಲ್ಲ, ತಂದಾಯಿತಲ್ಲ ಅಂತ ಬಾಗಿಲು ಕೊಯ್ಯುತ್ತಾರೆ. ಬಾಗಿಲ ಒಳಗಡೆಯ ಪ್ಲಾಸ್ಟಿಕ್ ಪ್ಯಾಡ್ ಬಿಚ್ಚಿ ನೋಡುವುದು ಅರ್ಧ ಗಂಟೆಯ ಕೆಲಸ. ಹಿಡಿಯ ಹಿಂದೆ ಒಂದೆರಡು ಸ್ಕ್ರೂ, ಲಾಕ್ ತೆಗೆಯುವ ಲಿವರ್ ಹತ್ತಿರ ಒಂದು, ಉಳಿದದ್ದೆಲ್ಲ ಸುತ್ತಲೂ ಕ್ಲಿಪ್. ಸ್ಕ್ರೂಡ್ರೈವರ್ ತೂರಿಸಿ ಎಬ್ಬಿಸಬೇಡಿ, ಬಣ್ಣ ಗೀಚುತ್ತದೆ. ಪ್ಲಾಸ್ಟಿಕ್ ಪಟ್ಟಿಯಂಥ ಟೂಲ್ ಸಿಗುತ್ತದೆ, ಅದನ್ನು ಕೆಳಗಿನ ಮೂಲೆಯಿಂದ ತೂರಿಸಿ ಒಂದೊಂದೇ ಕ್ಲಿಪ್ ಬಿಡಿಸಿ. ಎರಡು ಮೂರು ಕ್ಲಿಪ್ ಮುರಿದೇ ಮುರಿಯುತ್ತವೆ. ಅದಕ್ಕೆ ಮೊದಲೇ ಒಂದು ಹತ್ತು ಕ್ಲಿಪ್ ತಂದಿಟ್ಟುಕೊಳ್ಳಿ. ಮುರಿದ ಕ್ಲಿಪ್‌ನ ಜಾಗ ಖಾಲಿ ಬಿಟ್ಟರೆ ಆ ಪ್ಯಾಡ್ ಹಂಪ್ ಸಿಕ್ಕಾಗಲೆಲ್ಲ ಕಿರ್ ಕಿರ್ ಅನ್ನುತ್ತದೆ. ಕಾರು ನೋಡಲು ಬಂದವರು ಮೊದಲ ರೌಂಡ್ ಡ್ರೈವ್‌ನಲ್ಲೇ ಅದನ್ನು ಕೇಳಿಸಿಕೊಳ್ಳುತ್ತಾರೆ.

ಬಿಚ್ಚುವ ಮುಂಚೆ ಬ್ಯಾಟರಿಯ ನೆಗೆಟಿವ್ ತೆಗೆದು ಐದು ಹತ್ತು ನಿಮಿಷ ಸುಮ್ನೆ ಬಿಡಿ. ಬಾಗಿಲ ಯಾವ ಕಪ್ಲರ್ (ವೈರ್ ಜೋಡಿಸುವ ಪ್ಲಗ್) ಬಿಚ್ಚಿದ್ದರೂ ಆ ಹೊತ್ತಲ್ಲಿ ಇಗ್ನಿಷನ್ ಆನ್ ಮಾಡಬೇಡಿ. ಬಾಗಿಲಲ್ಲಿ ಸೆನ್ಸರ್ ಇರುವ ಕಾರಾದರೆ ಏರ್‌ಬ್ಯಾಗ್ ದೀಪ ಹೊತ್ತಿಕೊಂಡು ಕೂರುತ್ತದೆ, ಆಮೇಲೆ ಸರ್ವಿಸ್ ಸೆಂಟರ್‌ನಲ್ಲಿ ಸ್ಕ್ಯಾನರ್ ಹಾಕಿಸಿ ಆರಿಸಬೇಕು.

ಪ್ಯಾಡ್ ಬಿಚ್ಚಿದಾಗ ಬಹಳ ಜನರಿಗೆ ಒಂದು ಆಶ್ಚರ್ಯ ಕಾದಿರುತ್ತದೆ. ಕಂಪನಿಯವರು ಬೇಸ್ ಮಾಡೆಲ್‌ಗೆ ಅಂತ ಬೇರೆ ತಗಡು ಒತ್ತುವುದು ಕಡಿಮೆ. ಟಾಪ್ ಮಾಡೆಲ್‌ಗೆ ಇರುವ ಸ್ಪೀಕರ್ ತೂತು, ಸ್ಕ್ರೂ ಕೂರುವ ಜಾಗ, ಎಷ್ಟೋ ಸಲ ವೈರ್ ಕೂಡ ಅಲ್ಲೇ ಇರುತ್ತದೆ. ಮೇಲಿನ ಪ್ಯಾಡ್‌ನಲ್ಲಿ ಜಾಲರಿ ಇಲ್ಲ ಅಷ್ಟೇ. ನನ್ನ ಎರಡನೇ ಕಾರಿನ ಹಿಂದಿನ ಬಾಗಿಲು ಹೀಗೇ ಇತ್ತು. ಹೀಗಿದ್ದರೆ ನಿಮ್ಮ ಪ್ಯಾಡ್‌ಗೆ ತೂತು ಕೊರೆಯುವ ಅಗತ್ಯವೂ ಇಲ್ಲ. ಟಾಪ್ ಮಾಡೆಲ್‌ನ ಪ್ಯಾಡ್ ಒಂದು ಜೊತೆ ಹುಡುಕಿ. ಬೆಂಗಳೂರಿನವರಾದರೆ ಶಿವಾಜಿನಗರದ ಗುಜರಿಯಲ್ಲಿ ಒಂದು ಸುತ್ತು ಹಾಕಿ, ಬೇರೆ ಊರಿನವರು ಅಲ್ಲಿಯ ಗುಜರಿಯಲ್ಲಿ ಕೇಳಿ. ಬಣ್ಣ ಹೊಂದುತ್ತದಾ ನೋಡಿ, ಪವರ್ ವಿಂಡೋ ಸ್ವಿಚ್‌ನ ಜಾಗ ಒಂದೇ ಇದೆಯಾ ನೋಡಿ, ಚೌಕಾಸಿ ಮಾಡಿ ತನ್ನಿ. ನಿಮ್ಮ ಹಳೇ ಪ್ಯಾಡ್ ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿ.

ಅಳತೆ, ಮತ್ತು ಚಪಾತಿ ಹಿಟ್ಟು

ಸ್ಪೀಕರ್ ಡಬ್ಬದ ಮೇಲೆ 6.5 ಇಂಚು ಅಂತ ದಪ್ಪಕ್ಕೆ ಬರೆದಿರುತ್ತದೆ. ಅದು ಅಷ್ಟು ಮುಖ್ಯ ಅಲ್ಲ. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಎರಡು ಅಳತೆ ಇರುತ್ತದೆ, ಕಟೌಟ್ (ಬೇಕಾದ ತೂತಿನ ಅಗಲ) ಎಷ್ಟು, ಮೌಂಟಿಂಗ್ ಡೆಪ್ತ್ (ಒಳಗೆ ಇಳಿಯುವ ಆಳ) ಎಷ್ಟು ಅಂತ. ಒಂದೇ ಆರೂವರೆ ಇಂಚಿನಲ್ಲಿ ಒಂದು 45 ಮಿಲಿಮೀಟರ್ ಆಳಕ್ಕೆ ಇಳಿದರೆ ಇನ್ನೊಂದು 70ಕ್ಕೆ ಇಳಿಯುತ್ತದೆ. ಆಳ ಜಾಸ್ತಿ ಆದರೆ ಹಿಂದಿನ ಮ್ಯಾಗ್ನೆಟ್ ಕಿಟಕಿ ಗಾಜಿಗೆ ತಾಗುತ್ತದೆ. ಗಾಜು ಪೂರ್ತಿ ಇಳಿಸಿ, ತಗಡಿನ ಮುಖದಿಂದ ಗಾಜಿನವರೆಗೆ ಸ್ಕೇಲ್ ಇಟ್ಟು ಅಳೆಯಿರಿ. ಗಾಜು ನಿಂತಾಗ ಒಂದು ಕಡೆ ಇದ್ದರೆ ಓಡುವಾಗ ಸ್ವಲ್ಪ ವಾಲುತ್ತದೆ, ಅದಕ್ಕೆ 5-6 ಮಿಲಿಮೀಟರ್ ಬಿಡಿ.

ಸ್ಕೇಲ್ ಸರಿಯಾಗಿ ಹೋಗದ ಬಾಗಿಲುಗಳಿಗೆ ನಾನು ಮಾಡುವುದು ಇದು. ಅಡುಗೆಮನೆಯಿಂದ ನಿಂಬೆಹಣ್ಣಿನ ಗಾತ್ರದ ಚಪಾತಿ ಹಿಟ್ಟಿನ ಉಂಡೆ ತರುತ್ತೇನೆ. ಅದನ್ನು ತೆಳು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಮ್ಯಾಗ್ನೆಟ್ ಹಿಂದೆ ಟೇಪ್‌ನಿಂದ ಅಂಟಿಸಿ, ಸ್ಪೀಕರನ್ನು ಸ್ಕ್ರೂ ಇಲ್ಲದೆ ಜಾಗದಲ್ಲಿ ಒತ್ತಿ ಹಿಡಿದು, ಗಾಜನ್ನು ನಿಧಾನ ಕೆಳಗಿಳಿಸಿ ಮತ್ತೆ ಮೇಲೇರಿಸಿ (ಪವರ್ ವಿಂಡೋ ಆದರೆ ಬಿಚ್ಚಿದ ಕಪ್ಲರ್‌ಗಳನ್ನೆಲ್ಲ ವಾಪಸ್ ಜೋಡಿಸಿ, ಬ್ಯಾಟರಿ ಹಾಕಿದ ಮೇಲೆ), ಸ್ಪೀಕರ್ ಹೊರಗೆ ತೆಗೆದು ನೋಡುತ್ತೇನೆ. ಹಿಟ್ಟು ಎಷ್ಟು ಚಪ್ಪಟೆಯಾಗಿದೆಯೋ ಅದರ ದಪ್ಪವೇ ನಿಮಗಿರುವ ಜಾಗ. ಎರಡೂ ಬಾಗಿಲಿಗೆ ಬೇರೆ ಬೇರೆ ನೋಡಿ. ಗಾಜು ಎತ್ತುವ ಮೆಷಿನ್‌ನ ತೋಳು ಎಡಕ್ಕೂ ಬಲಕ್ಕೂ ಒಂದೇ ಥರ ಇರುತ್ತದೆ ಅನ್ನುವ ನಂಬಿಕೆ ಬೇಡ.

ಮುಂದಿನ ಕಡೆಯೂ ನೋಡಬೇಕು, ಇದನ್ನು ಮರೆಯುತ್ತಾರೆ. ಕೋಆಕ್ಸಿಯಲ್ ಅನ್ನುವ, ಎರಡೂ ಒಂದರಲ್ಲೇ ಇರುವ ಸ್ಪೀಕರ್‌ನ ನಡುವೆ ಟ್ವೀಟರ್ (ಕೀರಲು ಸ್ವರದ ಪುಟ್ಟ ಸ್ಪೀಕರ್) ಮೂಗಿನ ಹಾಗೆ ಎದ್ದಿರುತ್ತದೆ. ಅದು ಪ್ಯಾಡ್‌ನ ಜಾಲರಿಗೆ ತಾಗಿದರೆ ಪ್ಯಾಡ್ ಕೂರುವುದಿಲ್ಲ, ಆಗ ಅಂಗಡಿಯವನು ಮತ್ತೆ ಬ್ಲೇಡ್ ಹುಡುಕುತ್ತಾನೆ.

ರಿಂಗ್ ಎಂಬ ಸಣ್ಣ ಪದಾರ್ಥ

ಗಾಜಿಗೆ ತಾಗುತ್ತದೆ ಅನ್ನುವ ಸಮಸ್ಯೆಗೆ, ಕಂಪನಿಯ ತೂತಿಗೂ ಹೊಸ ಸ್ಪೀಕರ್‌ನ ಸ್ಕ್ರೂಗೂ ಹೊಂದುವುದಿಲ್ಲ ಅನ್ನುವ ಸಮಸ್ಯೆಗೆ ಉತ್ತರ ಒಂದೇ, ನಡುವೆ ಒಂದು ರಿಂಗ್. ಕಂಪನಿಯ ಹಳೇ ಸ್ಕ್ರೂ ತೂತುಗಳಿಗೆ ರಿಂಗ್ ಕೂರುತ್ತದೆ, ರಿಂಗ್ ಮೇಲೆ ಸ್ಪೀಕರ್ ಕೂರುತ್ತದೆ. ತಗಡಿಗೆ ಒಂದು ಹೊಸ ತೂತೂ ಬೀಳುವುದಿಲ್ಲ. ಸ್ಪೀಕರ್ 15-18 ಮಿಲಿಮೀಟರ್ ಮುಂದೆ ಬಂತು ಅಂದರೆ ಗಾಜಿನ ಜಗಳವೂ ಮುಗಿಯಿತು.

ಬಹಳ ಓಡುವ ಮಾಡೆಲ್‌ಗಳಿಗೆ ರೆಡಿಮೇಡ್ ಪ್ಲಾಸ್ಟಿಕ್ ರಿಂಗ್ ಸಿಗುತ್ತದೆ, ಜೆ.ಸಿ. ರೋಡ್‌ನಲ್ಲಿ ಮಾಡೆಲ್ ಹೆಸರು ಹೇಳಿ ಕೇಳಿ. ಸಿಗದಿದ್ದರೆ ನೀವೇ ಮಾಡಬಹುದು. ಮರದ ಪುಡಿ ಒತ್ತಿ ಮಾಡಿದ ಎಂಡಿಎಫ್ ಹಲಗೆ ಬೇಡ, ಬಾಗಿಲೊಳಗೆ ಮಳೆನೀರು ಬರುತ್ತದೆ, ಒಂದೇ ಮಳೆಗಾಲಕ್ಕೆ ಅದು ನೆನೆದ ಬಿಸ್ಕತ್ತು. ಮರೀನ್ ಪ್ಲೈ ಆಗಬಹುದು, ಎರಡು ಕೈ ಪೇಂಟ್ ಹೊಡೆದರೆ. ನನಗೆ ಇಷ್ಟ ಆಗಿದ್ದು ತರಕಾರಿ ಹೆಚ್ಚುವ ದಪ್ಪ ಪ್ಲಾಸ್ಟಿಕ್ ಮಣೆ. ನೀರಿಗೆ ಹೆದರುವುದಿಲ್ಲ, ಜಿಗ್‌ಸಾದಲ್ಲಿ ಬೆಣ್ಣೆಯ ಹಾಗೆ ಕತ್ತರಿಸುತ್ತದೆ, ಸ್ಕ್ರೂ ಗಟ್ಟಿ ಹಿಡಿಯುತ್ತದೆ. ಕಂಪನಿಯ ಹಳೇ ಸ್ಪೀಕರನ್ನೇ ಮಣೆಯ ಮೇಲೆ ಕವುಚಿ ಇಟ್ಟು ಪೆನ್ನಿನಲ್ಲಿ ಗೆರೆ ಎಳೆದರೆ ಅಚ್ಚು ಸಿಕ್ಕಿತು. ಮನೆಯಲ್ಲಿ ಬಳಸುತ್ತಿರುವ ಮಣೆಯನ್ನು ಮುಟ್ಟಬೇಡಿ, ಹೊಸದು ತನ್ನಿ. ಇದನ್ನು ಅನುಭವದಿಂದಲೇ ಹೇಳುತ್ತಿದ್ದೇನೆ.

ಕೆಲವು ಕಾರುಗಳಲ್ಲಿ ಕಂಪನಿ ಸ್ಪೀಕರ್‌ಗೆ ಸ್ಕ್ರೂ ಇರುವುದಿಲ್ಲ, ರಿವೆಟ್ ಹೊಡೆದಿರುತ್ತಾರೆ. ಉಳಿ ಇಟ್ಟು ಬಡಿದು ಕೀಳಬೇಡಿ, ತಗಡು ಹರಿಯುತ್ತದೆ. ರಿವೆಟ್ ತಲೆಯ ಮೇಲೆ ಡ್ರಿಲ್ ಇಟ್ಟು ತಲೆ ಮಾತ್ರ ಕೊರೆದರೆ ಉಳಿದದ್ದು ಒಳಗೆ ಬೀಳುತ್ತದೆ. ಒಳಗೆ ಬಿದ್ದ ಚೂರುಗಳನ್ನೆಲ್ಲ ಬಾಗಿಲ ತಳದಿಂದ ಹುಡುಕಿ ತೆಗೆಯಿರಿ. ಅಲ್ಯೂಮಿನಿಯಂ ರಿವೆಟ್ ಆದರೆ ಮ್ಯಾಗ್ನೆಟ್‌ಗೆ ಅಂಟುವುದಿಲ್ಲ, ಕೈಯೇ ಹಾಕಬೇಕು. ಬಿಟ್ಟರೆ ಬಾಗಿಲು ಹಾಕಿದಾಗಲೆಲ್ಲ ಗೆಜ್ಜೆ ಸದ್ದು. ಅದೇ ತೂತಿಗೆ ನಟ್ ಬೋಲ್ಟ್ ಹಾಕಿ ರಿಂಗ್ ಬಿಗಿಯಿರಿ.

ವೈರ್ ಕತ್ತರಿಸಬೇಡಿ, ಕಪ್ಲರ್ ತನ್ನಿ

ಕಂಪನಿಯ ವೈರ್ ತುದಿ ಕತ್ತರಿಸಿ, ಹಲ್ಲಿನಲ್ಲಿ ಸಿಪ್ಪೆ ಸುಲಿದು, ತಿರುಚಿ, ಕಪ್ಪು ಟೇಪ್ ಸುತ್ತುವುದು ನಮ್ಮ ಕಡೆ ಇವತ್ತಿಗೂ ನಡೆಯುತ್ತದೆ. ಬಿಸಿಲಿಗೆ ಆ ಟೇಪ್‌ನ ಅಂಟು ಕರಗಿ ಜಾರುತ್ತದೆ. ವಾರಂಟಿ ಇರುವ ಕಾರಾದರೆ, ಮುಂದೆ ಎಲೆಕ್ಟ್ರಿಕಲ್ ತೊಂದರೆ ಏನೇ ಬಂದರೂ, ಅದಕ್ಕೂ ಸ್ಪೀಕರ್‌ಗೂ ಸಂಬಂಧ ಇರಲಿ ಬಿಡಲಿ, ಸರ್ವಿಸ್‌ನವರು ಮೊದಲು ಬೆರಳು ತೋರಿಸುವುದು ಆ ಕಪ್ಪು ಟೇಪಿಗೇ.

ಪ್ಲಗ್ ಆ್ಯಂಡ್ ಪ್ಲೇ ಕಪ್ಲರ್ ಅಂತ ಕೇಳಿ. ಒಂದು ತುದಿ ಕಂಪನಿ ಸಾಕೆಟ್‌ಗೆ, ಇನ್ನೊಂದು ತುದಿ ನಿಮ್ಮ ಸ್ಪೀಕರ್‌ಗೆ. ಸ್ಟೀರಿಯೊ ಬದಲಾಯಿಸುವುದಾದರೆ ಅದಕ್ಕೂ ಹೀಗೇ ಬರುತ್ತದೆ. ಹೊರಗಿನ ಸ್ಟೀರಿಯೊ ವೈರ್‌ಗಳ ಬಣ್ಣ ಸಾಮಾನ್ಯವಾಗಿ ಒಂದೇ ಥರ. ಹಳದಿ ಯಾವಾಗಲೂ ಕರೆಂಟ್ ಇರುವುದು, ಕೆಂಪು ಕೀಲಿ ತಿರುಗಿಸಿದಾಗ ಬರುವುದು, ಕಪ್ಪು ಅರ್ತ್. ಬಿಳಿ ಮುಂದಿನ ಎಡ, ಬೂದು ಮುಂದಿನ ಬಲ, ಹಸಿರು ಹಿಂದಿನ ಎಡ, ನೇರಳೆ ಹಿಂದಿನ ಬಲ, ಇವುಗಳಲ್ಲಿ ಕಪ್ಪು ಗೆರೆ ಇರುವುದು ನೆಗೆಟಿವ್.

ಒಂದು ಸ್ಪೀಕರ್‌ನ ಪ್ಲಸ್ ಮೈನಸ್ ಅದಲು ಬದಲಾದರೆ ಏನೂ ಸುಡುವುದಿಲ್ಲ, ಆದರೆ ಎಡಗಡೆಯ ಸ್ಪೀಕರ್ ಹೊರಗೆ ತಳ್ಳುವಾಗ ಬಲಗಡೆಯದು ಒಳಗೆ ಎಳೆಯುತ್ತದೆ, ಬಾಸ್ ಎಲ್ಲ ಮಾಯ. ಎಷ್ಟೋ ಜನ ಸ್ಪೀಕರ್ ಸರಿ ಇಲ್ಲ ಅಂತ ಬೈಯುವುದು ಇದಕ್ಕೇ. ಗೋಡೆ ಗಡಿಯಾರದ 1.5 ವೋಲ್ಟ್ ಸೆಲ್ ತೆಗೆದು ವೈರ್ ತುದಿಗೆ ಒಂದು ಕ್ಷಣ ಮುಟ್ಟಿಸಿ. ಸೆಲ್‌ನ ಪ್ಲಸ್ ಮುಟ್ಟಿದ ವೈರ್ ಸ್ಪೀಕರ್‌ನ ಪ್ಲಸ್‌ನಲ್ಲೇ ಇದ್ದರೆ ಕೋನ್ (ಅದುರುವ ಬಟ್ಟಲಿನಂಥ ಭಾಗ) ಮುಂದೆ ಬರುತ್ತದೆ. ಹಿಂದೆ ಹೋದರೆ ಉಲ್ಟಾ. ಈ ಪರೀಕ್ಷೆ ದೊಡ್ಡ ಕೋನ್‌ಗೆ ಮಾತ್ರ, ಬಿಡಿ ಟ್ವೀಟರ್‌ಗೆ ಬೇಡ. ಸ್ಟೀರಿಯೊಗೆ ಜೋಡಿಸುವ ಮುಂಚೆ ಮಾಡಿ.

ನೀರಿನ ವಿಷಯ, ಇಲ್ಲಿ ಸ್ವಲ್ಪ ನಿಧಾನ

ನಾನು ಕಲಿತ ಎರಡನೇ ಪಾಠ ಮಳೆಯದು. ಕಾರಿನ ಬಾಗಿಲೊಳಗೆ ನೀರು ಬರುವುದು ತಪ್ಪಲ್ಲ, ಅದನ್ನು ಹಾಗೇ ಮಾಡಿರುವುದು. ಗಾಜಿನ ಪಕ್ಕದ ರಬ್ಬರ್ ದಾಟಿ ನೀರು ಒಳಗಿಳಿಯುತ್ತದೆ, ಬಾಗಿಲ ತಳದ ತೂತುಗಳಿಂದ ಹೊರಗೆ ಹೋಗುತ್ತದೆ. ಆ ನೀರು ಕ್ಯಾಬಿನ್ ಕಡೆ ಬರದ ಹಾಗೆ ಒಳತಗಡಿನ ಮೇಲೆ ತೆಳು ಪ್ಲಾಸ್ಟಿಕ್ ಶೀಟ್ ಅಂಟಿಸಿರುತ್ತಾರೆ. ನೋಡಲು ಪ್ಯಾಕಿಂಗ್ ಕವರ್ ಥರ ಇರುತ್ತದೆ. ನನ್ನ ಮೊದಲ ಕಾರಿನಲ್ಲಿ ಆ ಹುಡುಗ ಅದನ್ನು ಪ್ಯಾಕಿಂಗ್ ಕವರ್ ಅಂದುಕೊಂಡೇ ಹರಿದು ಎಸೆದಿರಬೇಕು. ಜೂನ್‌ನಲ್ಲಿ ಮಳೆ ಹಿಡಿಯಿತು. ಡ್ರೈವರ್ ಕಡೆಯ ಮ್ಯಾಟ್ ಕೆಳಗೆ ಒದ್ದೆ, ನಾಲ್ಕು ದಿನಕ್ಕೆ ಹಳೇ ಗೋಣಿಚೀಲದ ವಾಸನೆ. ಮುಂದಿನ ಗಾಜಿನಿಂದ ಸೋರುತ್ತಿದೆ ಅಂತ ಒಬ್ಬರು ರಬ್ಬರ್‌ಗೆ ಸಿಲಿಕಾನ್ ಹಚ್ಚಿದರು, ಏಸಿ ಪೈಪ್ ಅಂತ ಇನ್ನೊಬ್ಬರು ಡ್ಯಾಶ್‌ಬೋರ್ಡ್ ಕೆಳಗೆ ತಲೆ ಹಾಕಿದರು. ಬಾಗಿಲು ಅಂತ ಗೊತ್ತಾಗಲು ಎರಡು ವಾರ ಬೇಕಾಯಿತು.

ಆ ಶೀಟನ್ನು ಹರಿಯದೆ ನಿಧಾನ ಬಿಡಿಸಿ. ಕಪ್ಪು ಅಂಟು ಬಟ್ಟೆಗೆ ಹತ್ತಿದರೆ ಹೋಗುವುದಿಲ್ಲ, ಹಳೇ ಅಂಗಿ ಹಾಕಿಕೊಳ್ಳಿ. ವಾಪಸ್ ಅಂಟಿಸಲು ಬ್ಯುಟೈಲ್ ಟೇಪ್ ಅನ್ನುವ ರಬ್ಬರಿನಂಥ ಅಂಟುಪಟ್ಟಿ ಸಿಗುತ್ತದೆ. ತಗಡಿನ ಅದುರು ತಗ್ಗಿಸುವ ಡ್ಯಾಂಪಿಂಗ್ ಶೀಟ್ ಹಾಕಿಸುವುದು ಒಳ್ಳೆಯದೇ, ಹೊರ ತಗಡಿನ ಒಳಮೈಗೆ ಒಂದೆರಡು ತುಂಡು ಹಚ್ಚಿದರೂ ತಗಡು ಡಬ್ಬದ ಸದ್ದು ಇಳಿಯುತ್ತದೆ, ಬಾಗಿಲು ಹಾಕಿದರೆ ದಪ್ ಅನ್ನುತ್ತದೆ. ಅದನ್ನು ಕಂಡು ಯಾರೂ ರೇಟು ಇಳಿಸಿದ್ದು ನಾನು ನೋಡಿಲ್ಲ. ಆದರೆ ತಳದ ನೀರಿನ ತೂತುಗಳ ಮೇಲೆ ಶೀಟ್ ಹಚ್ಚಿ ಮುಚ್ಚಬೇಡಿ. ಮಲೆನಾಡಿನವರು, ಕರಾವಳಿಯವರು ಇದನ್ನು ಎರಡು ಸಲ ಓದಿ. ಮಂಗಳೂರು, ಉಡುಪಿ ಕಡೆ ಉಪ್ಪುಗಾಳಿ ಬೇರೆ. ಬರೀ ತಗಡು ಕಂಡರೆ ತುಕ್ಕು ಕೇಳಿ ಬರುವುದಿಲ್ಲ.

ಕತ್ತರಿಸಲೇಬೇಕು ಅಂದರೆ ಏನನ್ನು

ಕೆಲವು ಸಲ ಬೇರೆ ದಾರಿ ಇರುವುದಿಲ್ಲ, ಒಪ್ಪುತ್ತೇನೆ. ಆಗ ನನ್ನ ಲೆಕ್ಕ ಸುಲಭ. ದುಡ್ಡು ಕೊಟ್ಟರೆ ಇನ್ನೊಂದು ಸಿಗುವ ವಸ್ತುವನ್ನು ಕತ್ತರಿಸಿ. ಕಾರಿಗೆ ವೆಲ್ಡ್ ಆಗಿರುವುದನ್ನು ಮುಟ್ಟಬೇಡಿ.

ಹ್ಯಾಚ್‌ಬ್ಯಾಕ್‌ನ ಹಿಂದಿನ ಪಾರ್ಸೆಲ್ ಟ್ರೇ (ಡಿಕ್ಕಿ ಮುಚ್ಚುವ ಹಲಗೆ) ಮೊದಲನೆಯದು. 6x9 ಮೊಟ್ಟೆಯಾಕಾರದ ಸ್ಪೀಕರ್ ಹಾಕಿಸುವ ಆಸೆ ಮಾರುತಿ 800ರ ಕಾಲದಿಂದ ನಮಗೆ ಅಂಟಿಕೊಂಡಿದೆ, ಬಿಡುವುದಿಲ್ಲ. ಹಾಕಿಸಿ. ಆದರೆ ಕಂಪನಿ ಟ್ರೇ ತೆಗೆದು ಮನೆಯಲ್ಲಿಟ್ಟು, ಹೊರಗಡೆ ಸಿಗುವ ಮರದ ಟ್ರೇ ತಂದು ಅದಕ್ಕೆ ಕೊರೆಸಿ. ಕಂಪನಿ ಟ್ರೇ ಎರಡು ಸಣ್ಣ ಪ್ಲಾಸ್ಟಿಕ್ ಗೂಟದ ಮೇಲೆ ಕೂತಿರುತ್ತದೆ, ಸ್ಪೀಕರ್ ತೂಕಕ್ಕೆ ಗೂಟ ಮುರಿದು ಟ್ರೇ ಹೊಟ್ಟೆ ಬಿಡುತ್ತದೆ. ಇನ್ನೊಂದು ವಿಷಯ, ಜೋರಾಗಿ ಬ್ರೇಕ್ ಹೊಡೆದಾಗ ಆ ಟ್ರೇ ಹಿಂದೆ ಕೂತವರ ತಲೆಯ ಮಟ್ಟದಲ್ಲೇ ಇರುತ್ತದೆ. ಅದನ್ನು ಭದ್ರವಾಗಿ ಬಿಗಿಸಿ, ಇಲ್ಲವಾದರೆ ಹಾಕಿಸಬೇಡಿ.

ಎರಡನೆಯದು ಬಾಗಿಲ ಪ್ಲಾಸ್ಟಿಕ್ ಪ್ಯಾಡ್. ಗುಜರಿಯಿಂದ ಒಂದು ಜೊತೆ ತಂದು ಅದನ್ನು ಕೊಯ್ಯಿರಿ, ನಿಮ್ಮದು ಅಟ್ಟದಲ್ಲಿರಲಿ.

ಮೂರನೆಯದು ಬಾಗಿಲ ಒಳತಗಡು. ನನ್ನನ್ನು ಕೇಳಿದರೆ ಇಲ್ಲಿಗೆ ಬಂದಾಗ ಸಣ್ಣ ಸೈಜಿನ ಸ್ಪೀಕರ್ ತೆಗೆದುಕೊಂಡು ಸುಮ್ಮನಿರಿ ಅನ್ನುತ್ತೇನೆ. ಒಳ್ಳೆಯ 5.25 ಇಂಚು, ಕಳಪೆ 6.5 ಇಂಚಿಗಿಂತ ಚೆನ್ನಾಗಿ ಹಾಡುತ್ತದೆ. ಆದರೂ ಹಟ ಇದ್ದರೆ ಮೊದಲು ತಿಳಿದುಕೊಳ್ಳಬೇಕಾದ್ದು, ಕೆಲವು ಕಾರುಗಳ ಬಾಗಿಲೊಳಗೆ ಗಾಳಿಯ ಒತ್ತಡ ಅಳೆಯುವ ಸೆನ್ಸರ್ ಇರುತ್ತದೆ. ಪಕ್ಕದಿಂದ ಗಾಡಿ ಗುದ್ದಿದರೆ ಬಾಗಿಲು ಒಳಗೆ ಬಾಗಿ ಒತ್ತಡ ದಿಢೀರ್ ಏರುತ್ತದೆ, ಅದನ್ನು ನೋಡಿಯೇ ಏರ್‌ಬ್ಯಾಗ್ ಬಿಚ್ಚಿಕೊಳ್ಳುವುದು. ನೀವು ದೊಡ್ಡ ತೂತು ಮಾಡಿ ಗಾಳಿ ಸೋರಲು ಬಿಟ್ಟರೆ ಆ ಲೆಕ್ಕ ತಪ್ಪುತ್ತದೆ. ಅಂಥ ಕಾರಿಗೆ ಕಟಿಂಗ್ ಮಾತೇ ಬೇಡ. ಸೆನ್ಸರ್ ಇಲ್ಲದ ಹಳೇ ಕಾರಾದರೆ, ಕತ್ತರಿಸಿದ ಅಂಚನ್ನು ಅರದಿಂದ ಉಜ್ಜಿ ನಯ ಮಾಡಿಸಿ, ಲೋಹದ ಪುಡಿ ಒಂದೂ ಉಳಿಯದ ಹಾಗೆ ಒರೆಸಿ, ರೆಡ್ ಆಕ್ಸೈಡ್ ಪ್ರೈಮರ್, ಅದರ ಮೇಲೆ ಬಣ್ಣ, ಅದು ಒಣಗಿದ ಮೇಲೆ ರಬ್ಬರ್ ಬೀಡಿಂಗ್. ಇಷ್ಟಕ್ಕೆ ಒಂದು ದಿನ ಬೇಕು. ಅಂಗಡಿಯವನು ಒಂದು ಗಂಟೆ ಸಾಕು ಅಂದರೆ ಇದರಲ್ಲಿ ಏನನ್ನೋ ಬಿಡುತ್ತಿದ್ದಾನೆ ಅಂತ ಅರ್ಥ. ನನ್ನ ಕಾರಿನಲ್ಲಿ ಎಲ್ಲವನ್ನೂ ಬಿಟ್ಟಿದ್ದ.

ಯಾವತ್ತೂ ಮುಟ್ಟಬಾರದ್ದು ಎರಡು. ಒಂದು, ಸೆಡಾನ್‌ಗಳಲ್ಲಿ ಹಿಂದಿನ ಸೀಟಿನ ಹಿಂದೆ ಎಡದಿಂದ ಬಲಕ್ಕೆ ಹೋಗುವ ಅಡ್ಡ ತಗಡು. ಹ್ಯಾಚ್‌ಬ್ಯಾಕ್‌ನ ಟ್ರೇ ಥರ ಅದು ಬರೀ ಮುಚ್ಚಳ ಅಲ್ಲ, ಬಾಡಿಯ ಎರಡು ಪಕ್ಕವನ್ನು ಹಿಡಿದಿರುವ ಭಾಗ. ಕಂಪನಿಯೇ ಅಲ್ಲಿ ಸ್ಪೀಕರ್ ತೂತು ಕೊಟ್ಟಿದೆಯಾ ಅಂತ ಡಿಕ್ಕಿ ಒಳಗೆ ತಲೆ ಹಾಕಿ ಕೆಳಗಿನಿಂದ ಟಾರ್ಚ್ ಬಿಟ್ಟು ನೋಡಿ. ಇದ್ದರೆ ನಿಮ್ಮ ಪುಣ್ಯ, ಇಲ್ಲದಿದ್ದರೆ ಬಿಟ್ಟುಬಿಡಿ. ಎರಡು, ಮುಂದಿನ ಗಾಜಿನ ಪಕ್ಕದ ಕಂಬ, ಅಂದರೆ ಎ-ಪಿಲ್ಲರ್. ಟ್ವೀಟರ್ ಅಲ್ಲಿ ಕೂರಿಸಿದರೆ ಹಾಡು ಕಣ್ಣೆದುರಿಗೇ ಬಂದು ನಿಂತ ಹಾಗೆ ಕೇಳುತ್ತದೆ, ನಿಜ. ಆದರೆ ಕರ್ಟನ್ ಏರ್‌ಬ್ಯಾಗ್ (ಪಕ್ಕದ ಗಾಜಿಗೆ ಪರದೆಯ ಹಾಗೆ ಇಳಿಯುವುದು) ಇರುವ ಕಾರಿನಲ್ಲಿ ಅದು ಮಡಿಸಿ ಕೂತಿರುವ ದಾರಿ ಅದೇ. 2023ರ ಅಕ್ಟೋಬರ್‌ನಲ್ಲಿ ಹುಂಡೈ ತನ್ನ ಎಲ್ಲ ಮಾಡೆಲ್‌ಗೂ 6 ಏರ್‌ಬ್ಯಾಗ್ ಎಂದಿತು, 2024ರಲ್ಲಿ ಬಂದ ಹೊಸ ಸ್ವಿಫ್ಟ್‌ನಲ್ಲೂ ಬೇಸ್ ಮಾಡೆಲ್‌ನಿಂದಲೇ 6, ಆ ಆರರಲ್ಲಿ ಎರಡು ಕರ್ಟನ್. ಈಗಿನ ಕಾರು ತಂದವರು ಪಿಲ್ಲರ್‌ಗೆ ಸ್ಕ್ರೂ ಹೊಡೆಸಬೇಡಿ. ಸೈಡ್ ಮಿರರ್‌ನ ಒಳಗಿರುವ ತ್ರಿಕೋನದ ಪ್ಲಾಸ್ಟಿಕ್ ತುಂಡು ಒಂದು ಜೊತೆ ಹೆಚ್ಚಿಗೆ ತಂದು ಅದರಲ್ಲಿ ಟ್ವೀಟರ್ ಕೂರಿಸಿ.

ಆ್ಯಂಪ್, ವೂಫರ್

ಸ್ಟೀರಿಯೊ ಡಬ್ಬದ ಮೇಲೆ 4x50 ವ್ಯಾಟ್ ಅಂತ ಇದ್ದರೂ ಒಂದೊಂದು ಸ್ಪೀಕರ್‌ಗೆ ನಿಜವಾಗಿ ಸಿಗುವುದು 15-20 ವ್ಯಾಟ್ ಅಷ್ಟೇ. ಜಾಸ್ತಿ ಬೇಕು ಅಂದರೆ ಆ್ಯಂಪ್, ಅಂದರೆ ಸದ್ದಿನ ಬಲ ಹೆಚ್ಚಿಸುವ ಆಂಪ್ಲಿಫೈಯರ್ ಬೇಕು. ಇದಕ್ಕೂ ಬಾಡಿ ಕೊರೆಯಬೇಕಿಲ್ಲ. ಎಂಜಿನ್ ಕಡೆಯಿಂದ ಕ್ಯಾಬಿನ್‌ಗೆ ವೈರ್ ತರಲು ಎರಡರ ನಡುವಿನ ತಗಡಿನ ಗೋಡೆಯಲ್ಲಿ (ಫೈರ್‌ವಾಲ್) ರಬ್ಬರ್ ಗ್ರೊಮೆಟ್, ಅಂದರೆ ತೂತಿನ ರಬ್ಬರ್ ಬಿರಡೆ ಇದ್ದೇ ಇರುತ್ತದೆ, ಅದರಲ್ಲೇ ತೂರಿಸಿ. ಬ್ಯಾಟರಿಯಿಂದ ಒಂದೂವರೆ ಅಡಿ ಒಳಗೆ ಫ್ಯೂಸ್ ಇರಲೇಬೇಕು, ಅದು ಆ್ಯಂಪ್ ಕಾಪಾಡಲು ಅಲ್ಲ, ವೈರ್ ಎಲ್ಲಾದರೂ ತಗಡಿಗೆ ಉಜ್ಜಿ ಶಾರ್ಟ್ ಆದರೆ ಕಾರು ಹೊತ್ತಿಕೊಳ್ಳದ ಹಾಗೆ. ಅರ್ತ್‌ಗೆ ಮೊದಲೇ ಇರುವ ಬೋಲ್ಟ್ ಹುಡುಕಿ, ಆದರೆ ಸೀಟ್ ಬೆಲ್ಟ್ ಬೋಲ್ಟ್ ಮಾತ್ರ ಬಿಚ್ಚಬೇಡಿ.

ಕರೆಂಟ್ ಲೆಕ್ಕ ಒಮ್ಮೆ ಹಾಕಿ. ನಿಜವಾದ 400 ವ್ಯಾಟ್ ಕೊಡುವ, ಕರೆಂಟ್ ಕಡಿಮೆ ಪೋಲು ಮಾಡುವ ಕ್ಲಾಸ್ ಡಿ ಆ್ಯಂಪ್, 80 ಪರ್ಸೆಂಟ್ ಎಫಿಶಿಯೆನ್ಸಿ ಅಂದುಕೊಂಡರೂ, ಫುಲ್ ವಾಲ್ಯೂಮ್‌ನಲ್ಲಿ 500 ವ್ಯಾಟ್ ಎಳೆಯುತ್ತದೆ. 13.8 ವೋಲ್ಟ್‌ಗೆ ಅದು 36 ಆಂಪಿಯರ್. ಎಷ್ಟೋ ಸಣ್ಣ ಪೆಟ್ರೋಲ್ ಕಾರಿನ ಬ್ಯಾಟರಿಯೇ 35 ಆಂಪಿಯರ್ ಅವರ್, ಅಂದರೆ ಒಂದು ಗಂಟೆಯೂ ಬರುವುದಿಲ್ಲ. ಎಂಜಿನ್ ಆಫ್ ಮಾಡಿ ಜಾತ್ರೆಯಲ್ಲಿ ಹಾಡು ಹಾಕಿದವರು ಆಮೇಲೆ ಕಾರು ತಳ್ಳಿಸುವುದು ಇದಕ್ಕೇ.

ಬಾಸ್‌ಗೆ ಡ್ರೈವರ್ ಸೀಟಿನ ಕೆಳಗೆ ಕೂರುವ ತೆಳು ಆ್ಯಕ್ಟಿವ್ ವೂಫರ್ (ಆ್ಯಂಪ್ ಒಳಗೇ ಇರುವ ಬಾಸ್ ಸ್ಪೀಕರ್) ಸಾಕು ಅನ್ನುವ ಪಾರ್ಟಿ ನಾನು. ಡಿಕ್ಕಿಯಲ್ಲಿ ಸ್ಟೆಪ್ನಿ ಜಾಗಕ್ಕೆ ಫೈಬರ್ ಬಾಕ್ಸ್ ಕೂರಿಸಿದವರನ್ನು ನೋಡಿದ್ದೇನೆ, ನೋಡಲು ಭಾರಿ ಚಂದ, ಶಿರಾಡಿ ಘಾಟಿಯಲ್ಲಿ ಪಂಕ್ಚರ್ ಆಗುವವರೆಗೆ.

ಕಾಗದಪತ್ರ

ಕಾನೂನು ಕೇಳುವವರಿಗೆ. ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿ ಇರುವ ವಿವರ ಕಂಪನಿಯ ಮೂಲ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಾಯಿಸುವಂತಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿತು. ಸ್ಪೀಕರ್ ಬದಲಾಯಿಸಿದರೆ ಆರ್‌ಸಿಯ ಯಾವ ವಿವರವೂ ಬದಲಾಗುವುದಿಲ್ಲ. ಆದರೆ ಹಿಂದಿನ ಸೀಟು ಕಿತ್ತು ವೂಫರ್ ಗೋಡೆ ಕಟ್ಟಿದರೆ ಸೀಟಿನ ಸಂಖ್ಯೆಯೇ ತಪ್ಪುತ್ತದೆ. 182ಎ ಸೆಕ್ಷನ್‌ನಲ್ಲಿ ಇಂಥ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ ಇದೆ, ಆರು ತಿಂಗಳವರೆಗೆ ಜೈಲೂ ಆಗಬಹುದು.

ಇನ್ಶೂರೆನ್ಸ್‌ನಲ್ಲಿ ಸ್ಪೀಕರ್ ಸೆಟ್ ಸೇರಿಸಬೇಕಾದರೆ ಬಿಲ್ ಕೊಟ್ಟು ಎಲೆಕ್ಟ್ರಿಕಲ್ ಆ್ಯಕ್ಸೆಸರಿ ಅಂತ ಬರೆಸಿ. ಹಿಂದಿನಿಂದ ನಡೆದುಬಂದ ಲೆಕ್ಕ ಬೆಲೆಯ 4 ಪರ್ಸೆಂಟ್, 10,000ದ ಸೆಟ್‌ಗೆ ವರ್ಷಕ್ಕೆ 400 ರೂಪಾಯಿ, ತೆರಿಗೆ ಬೇರೆ. ಬರೆಸದಿದ್ದರೆ ಕಳವಾದಾಗ ಅದಕ್ಕೆ ದುಡ್ಡು ಬರುವುದಿಲ್ಲ.

ಮಾರುವ ದಿನ

ಕಾರು ನೋಡಲು ಬರುವವರು ಈಗ ಜಾಣರು. ಆನ್‌ಲೈನ್‌ನಲ್ಲಿ ಕಾರು ಕೊಳ್ಳುವ ಕಂಪನಿಗಳಿಂದ ಟ್ಯಾಬ್ ಹಿಡಿದು ಬರುವ ಹುಡುಗರು ಬಣ್ಣದ ದಪ್ಪ ಅಳೆಯುವ ಮೀಟರ್ ಇಡುತ್ತಾರೆ, ಬಾಗಿಲ ರಬ್ಬರ್ ಎಳೆದು ನೋಡುತ್ತಾರೆ, ಪ್ರತಿ ಕಿಟಕಿ ಏರಿಸಿ ಇಳಿಸುತ್ತಾರೆ. ಕತ್ತರಿಸಿದ ತಗಡು ಕಂಡರೆ ಮೊದಲು ಬರುವ ಅನುಮಾನ ಸ್ಪೀಕರ್‌ನದಲ್ಲ, ಆಕ್ಸಿಡೆಂಟ್‌ನದು. ಬಾಗಿಲು ಬಿಚ್ಚಿದ ಗಾಡಿ ಅಂದರೆ ಟಿಂಕರಿಂಗ್ ಆದ ಗಾಡಿ ಅಂತಲೇ ಅವರ ಲೆಕ್ಕ.

ತಗಡು ಹಾಗೇ ಇದ್ದರೆ ಮಾರುವ ಮುಂಚೆ ಹೊಸ ಸ್ಪೀಕರ್ ಬಿಚ್ಚಿ, ಹಳೆಯದು ಹಾಕಿ. ಹೊಸದನ್ನು ಮುಂದಿನ ಕಾರಿಗೆ ಒಯ್ಯಿರಿ, ಇಲ್ಲ ಬೇರೆ ಮಾರಿ. ಕಾರಿನ ಜೊತೆ ಕೊಟ್ಟರೆ ಸೊನ್ನೆ ಸಿಗುವುದಕ್ಕೆ ಬಿಡಿಯಾಗಿ ಅರ್ಧ ರೇಟಾದರೂ ಬರುತ್ತದೆ. ಹೊಸ ಸ್ಪೀಕರ್ ಇಟ್ಟುಕೊಂಡೇ ಮಾರುತ್ತೀರಿ ಅಂದರೆ ಕೂಡ ಹಳೇ ಸ್ಪೀಕರ್, ಪ್ಯಾಡ್, ಟ್ರೇ ಎಲ್ಲ ಡಿಕ್ಕಿಯಲ್ಲಿಟ್ಟು ತೋರಿಸಿ. ಚೌಕಾಸಿಗೆ ಕೂತವರ ಬಾಯಿ ಅಲ್ಲಿಗೆ ಅರ್ಧ ಮುಚ್ಚುತ್ತದೆ.

ಆಗಲೇ ಕತ್ತರಿಸಿ ಆಗಿದ್ದರೆ ಸ್ಪೀಕರ್ ಬಿಚ್ಚಬೇಡಿ, ತೆರೆದ ತೂತಿಗಿಂತ ಹಾಡುವ ಸ್ಪೀಕರ್ ವಾಸಿ. ಒಮ್ಮೆ ಹೊರಗೆ ತೆಗೆದು ತುಕ್ಕು ಉಜ್ಜಿ ಪ್ರೈಮರ್ ಹೊಡೆಯಿರಿ, ಬೀಡಿಂಗ್ ಹಾಕಿ, ಸರಿಯಾದ ರಿಂಗ್ ಮೇಲೆ ವಾಪಸ್ ಬಿಗಿಯಿರಿ, ಕಪ್ಪು ಟೇಪ್ ಕಿತ್ತು ಬೆಸುಗೆ ಹಾಕಿ ಸ್ಲೀವ್ ತೊಡಿಸಿ. ಆಮೇಲೆ ಅವರು ಕೇಳುವ ಮುಂಚೆ ನೀವೇ ಹೇಳಿ, "ಸ್ಪೀಕರ್‌ಗೆ ಅಂತ ಒಳಗೆ ಕಟ್ ಮಾಡಿಸಿದ್ದೆ, ಬೇಕಾದರೆ ಬಿಚ್ಚಿ ನೋಡಿ" ಅಂತ. ಬಚ್ಚಿಟ್ಟಿದ್ದು ಸಿಕ್ಕಿದರೆ 15,000, ನೀವೇ ತೋರಿಸಿದರೆ ಮೂರೋ ನಾಲ್ಕೋ ಸಾವಿರದಲ್ಲಿ ಮುಗಿಯಬಹುದು.

ನನ್ನ ಎರಡನೇ ಕಾರು ಮಾರಿದ್ದು ಎರಡು ವರ್ಷದ ಹಿಂದೆ, ಹಾಸನದ ಒಬ್ಬ ಮೇಷ್ಟ್ರಿಗೆ. ಹಿಂದಿನ ದಿನ ಸಂಜೆ ನಾನು, ನನ್ನ ತಮ್ಮ ಕೂತು ಎರಡೂವರೆ ಗಂಟೆಯಲ್ಲಿ ಎಲ್ಲ ಬಿಚ್ಚಿ ಹಳೆಯದು ಹಾಕಿದೆವು. ಸ್ಕ್ರೂಗಳು ಹಳೇ ಹಾರ್ಲಿಕ್ಸ್ ಬಾಟಲಿಯಲ್ಲಿದ್ದವು, ಎಡ ಬಲ ಅಂತ ಚೀಟಿ ಬರೆದು. ಬೆಳಗ್ಗೆ ಮೇಷ್ಟ್ರು ಬಂದು ಎಫ್‌ಎಂ ಹಾಕಿ, ಮುಂದಿನ ಎರಡೂ ಬಾಗಿಲ ಹತ್ತಿರ ಕಿವಿ ಇಟ್ಟು, "ಕಂಪನಿದೇ ಅಲ್ವಾ?" ಅಂತ ಕೇಳಿದರು. ಹೌದು ಎಂದೆ.